ಅನ್ನಪೂರ್ಣ ತೊಳೆದ ಗಾಜಿನ ಮೇಲೆ ಧೂಳಿಲ್ಲ

ಬೆಳಗಿನ ಐದು ಗಂಟೆ. ಚೀನಾಕ್ಕೆಂದು ಅದಿರು ಹೊತ್ತ ಸಂಡೂರಿನ ಲಾರಿಗಳು ದಂಡೆತ್ತಿ ಬರುವ ಮುನ್ನವೇ ಅನ್ನಪೂರ್ಣ ಹೊಸಪೇಟೆಯ ಲ್ಯಾಬಿನ ಕಿಟಕಿ ಸಂದುಗಳಿಗೆ ಒದ್ದೆ ಬಟ್ಟೆ ತುರುಕುತ್ತಿದ್ದಾರೆ. ಆ ಕೆಂಪು ಧೂಳು ಒಳಗೆ ಬಂತೆಂದರೆ ಅವರ ದಿನದ ಕೆಲಸ ಕೆಟ್ಟಿತೆಂದೇ ಲೆಕ್ಕ.

ಗಾದಿಗನೂರಿನ ಈ ಹೆಣ್ಣುಮಗಳದು ಹದಿನಾರು ವರ್ಷದ ಸರ್ವಿಸ್. ಕೀಲುನೋವೆಂದು ಬಂದವರ ರಕ್ತದ ತಿಳಿಯನ್ನು ಜೀವಕೋಶಗಳಿರುವ ಗಾಜಿನ ಪಟ್ಟಿಯ ಮೇಲೆ ಹನಿಸುವುದು, ತೊಳೆಯುವುದು, ಹೊಳೆಯುವ ಬಣ್ಣ ಹಾಕುವುದು, ಮತ್ತೆ ತೊಳೆಯುವುದು. ರೋಗದ ವಿರುದ್ಧ ಕಾದಾಡಬೇಕಾದ ರಕ್ತ ತನ್ನ ಮೈಯ ಮೇಲೇ ತಿರುಗಿಬಿದ್ದಿದ್ದರೆ ಕತ್ತಲ ಕೋಣೆಯ ಮೈಕ್ರೋಸ್ಕೋಪಿನಲ್ಲಿ ಕೋಶಗಳು ಹಸಿರಾಗಿ ಹೊಳೆಯುತ್ತವೆ. ವಾರಕ್ಕೆ ಇಪ್ಪತ್ತು ಮಂದಿಯ ರಕ್ತ. ಆದರೆ ನೋಡುವ ಸ್ಟೂಲು ಮಾತ್ರ ಪ್ರಭಂಜನ ಅವರದು. ಎರಡು ವರ್ಷದ ಹಿಂದೆ ಸೇರಿ, ಬೆಂಗಳೂರಿನಲ್ಲಿ ಹದಿನೈದು ದಿನ ತರಬೇತಿ ಪಡೆದು ಬಂದವರು. ಆ ತರಬೇತಿಗೆ ಅನ್ನಪೂರ್ಣ ಹೋಗಬೇಕಿತ್ತು.

“ಹೊಟ್ಟೆಕಿಚ್ಚಿಲ್ಲ ಅಂದ್ರ ಸುಳ್ಳಾಗತೈತ್ರಿ. ಡಾಕ್ಟ್ರು ಅವ್ರನ್ನ ಹೊಗಳಿದ ದಿನ ನನಗ ಉಣ್ಣಾಕ ಸೇರಂಗಿಲ್ಲ,” ಎನ್ನುತ್ತಾರೆ, ಮುಚ್ಚುಮರೆಯಿಲ್ಲದೆ.

ಕಳೆದ ಡಿಸೆಂಬರಿನಲ್ಲಿ ಮೆಟ್ರಿ ಎಂಬ ಹಳ್ಳಿಯ ಯಲ್ಲಕ್ಕ ಬಂದಿದ್ದರು. ಗದ್ದೆಯ ತಣ್ಣೀರಿಗೆ ಕೈಯಿಟ್ಟರೆ ಸಾಕು, ಅವರ ಬೆರಳು ಬಿಳಿಚಿಕೊಳ್ಳುತ್ತಿದ್ದವು. ಪ್ರಭಂಜನ ನೋಡಿದಾಗ ಕಂಡದ್ದು ಸಣ್ಣ ಸಣ್ಣ ಚುಕ್ಕಿ. “ಮೈನ್ಸ್ ಧೂಳ್ರಿ ಅಕ್ಕಾ. ಏನಿಲ್ಲ ಅಂತ ಬರೀರಿ,” ಎಂದು ಊಟಕ್ಕೆದ್ದರು. ಈ ಊರಲ್ಲಿ ಏನು ಕೆಟ್ಟರೂ ಧೂಳಿನ ಮೇಲೆ ಹಾಕಿ ಕೈತೊಳೆದುಕೊಳ್ಳುವುದು ರೂಢಿ.

ಅನ್ನಪೂರ್ಣಗೆ ಮೈಯೆಲ್ಲ ಉರಿಯಿತು. ತಾನು ತೊಳೆದ ಗಾಜಿನ ಮೇಲೆ ಧೂಳೆ? ತಪ್ಪು ಹಿಡಿಯಲೆಂದೇ ಸ್ಟೂಲೇರಿದರು. ಧೂಳಾದರೆ ಎಲ್ಲೆಂದರಲ್ಲಿ ಬೀಳಬೇಕು. ಈ ಚುಕ್ಕಿಗಳು ಒಂದೊಂದು ಕೋಶದ ಕೇಂದ್ರದೊಳಗೇ ಇದ್ದವು. ಒಡೆದು ಎರಡಾಗುತ್ತಿದ್ದ ಕೋಶಗಳಲ್ಲಂತೂ ಸಾಲುಗಟ್ಟಿ ನಿಂತಿದ್ದವು. ಡಾಕ್ಟರನ್ನು ಕರೆತಂದು ತೋರಿಸಿದರು. ಅದು ಚರ್ಮ ಬಿಗಿಯುವ ಕಾಯಿಲೆಯ ಗುರುತು. ಯಲ್ಲಕ್ಕನಿಗೆ ಅದೇ ವಾರ ಚಿಕಿತ್ಸೆ ಶುರುವಾಯಿತು.

ತಿದ್ದಿದ ವರದಿಗೂ ಸಹಿ ಪ್ರಭಂಜನ ಅವರದೇ. ಯಲ್ಲಕ್ಕ ಮೆಟ್ರಿಯಿಂದ ಹೊತ್ತುತಂದ ಹೊಸ ಅಕ್ಕಿಯೂ ಸಹಿ ಹಾಕಿದವರಿಗೇ ಹೋಯಿತು.

“ಅಕ್ಕಿ ಅವ್ರೇ ಉಣ್ಲಿ, ಸಹಿನೂ ಅವ್ರೇ ಹಾಕ್ಲಿ,” ಎನ್ನುತ್ತ ಅನ್ನಪೂರ್ಣ ಬಟ್ಟೆ ಹಿಂಡುತ್ತಾರೆ. ನೀರು ಕೆಂಪಗೆ ಇಳಿಯುತ್ತದೆ. “ಆದ್ರ ಅವತ್ತು ನನ್ನ ಹೊಟ್ಟಿ ಉರೀಲಿಲ್ಲ ಅಂದಿದ್ರ, ಆ ಗಾಜನ್ನ ಯಾರೂ ಎರಡನೇ ಸಲ ನೋಡ್ತಿದ್ದಿಲ್ರಿ. ಇನ್ನ ಮ್ಯಾಲಾದ್ರೂ ಮೊದ್ಲು ನನಗ ನೋಡಾಕ ಬಿಡ್ಲಿ. ಅಷ್ಟ ಸಾಕು.”