ಅಪ್ಪ ಕೊಟ್ಟ ಮೂರನೇ ಮೆಟ್ಟಿಲು

ಇವತ್ತು ಕೆಲಸಕ್ಕೆ ಹೋದ ಮನೆಯಲ್ಲಿ ಮೆಟ್ಟಿಲ ಕಾರ್ಪೆಟ್ ಕೀಳುವಾಗ ಬಂದ ಧೂಳಿನ ವಾಸನೆಗೆ ಹ್ಯೂಸ್ಟನ್ ಪಕ್ಕದ ಕೇಟಿ ಊರಿನಲ್ಲಿದ್ದ ನಮ್ಮ ಹಳೆಯ ಮನೆ ನೆನಪಾಯಿತು.

ವರ್ಷಗಟ್ಟಲೆ ಸೋಲುತ್ತಲೇ ಬಂದಿದ್ದ ಹ್ಯೂಸ್ಟನ್ ಬೇಸ್‌ಬಾಲ್ ಟೀಮು ನಾನು ಚಿಕ್ಕವನಿದ್ದಾಗಿನ ಆ ಸೀಸನ್ನಿನಲ್ಲಿ ಗೆಲ್ಲುತ್ತಿತ್ತು. ಟೀಮಿನಲ್ಲೇ ಕುಳ್ಳನಾದವನು ಎಲ್ಲರಿಗಿಂತ ಚೆನ್ನಾಗಿ ಹೊಡೆಯುತ್ತಿದ್ದ. ಒಮ್ಮೆ ಅವನು ಕ್ರಿಕೆಟ್ಟಿನ ಸಿಕ್ಸರಿನಂಥ ಹೋಮ್ ರನ್ ಹೊಡೆದಾಗ ನಾನು ಮೂರನೇ ಮೆಟ್ಟಿಲ ಮೇಲೆ ಕೂತು ಟಿವಿ ನೋಡುತ್ತಿದ್ದೆ. ಹುಬ್ಬಳ್ಳಿಯಲ್ಲಿ ಕ್ರಿಕೆಟ್ ನೋಡಿ ಬೆಳೆದ ಅಪ್ಪ ಅಂದಿನಿಂದ ಅದನ್ನೇ ನನ್ನ ಜಾಗ ಮಾಡಿದರು.

"ಅವ ಔಟ್ ಆಗೂತನಕ ಏಳಬ್ಯಾಡ!"

"ಅಪ್ಪಾ, ಬಾತ್‌ರೂಮ್!"

"ಇನ್ನಿಂಗ್ಸ್ ಮುಗೀಲಿ."

"ನಮ್ಮ ಹುಡುಗ ಕೂತು ಗೆಲ್ಲಸೂದಿದ್ರ ಅವರಿಗ್ಯಾಕ ಪಗಾರರೀ?" ಎಂದು ಅಮ್ಮ ಅಡುಗೆಮನೆಯಿಂದ ಕೇಳುತ್ತಿದ್ದಳು.

ನನಗೂ ಅದೇ ಕುತೂಹಲ. ನಿಜವಾಗಿ ನನ್ನಿಂದಲೇ ಗೆಲ್ಲುತ್ತಿದ್ದಾರಾ? ಒಂದು ಸಂಜೆ, ಸೋತರೆ ಸೀಸನ್ನೇ ಮುಗಿಯುವ ಪಂದ್ಯದಲ್ಲಿ, ಕುಳ್ಳ ಬ್ಯಾಟ್ ಎತ್ತಿದಾಗ ನಾನು ಉಸಿರು ಬಿಗಿಹಿಡಿದು ಮೆಲ್ಲಗೆ ನಾಲ್ಕನೇ ಮೆಟ್ಟಿಲಿಗೆ ಜರುಗಿದೆ. ಚೆಂಡು ಗ್ಯಾಲರಿಗೇ ಹೋಗಿ ಬಿತ್ತು. ಹೋಮ್ ರನ್!

ಕುಣಿಯುತ್ತ ತಿರುಗಿದ ಅಪ್ಪ ನನ್ನನ್ನು ನೋಡಿ ನಿಂತುಬಿಟ್ಟರು. ಬೆರಳು ತೋರಿಸಿ ಮೆಟ್ಟಿಲು ಎಣಿಸಿದರು. ನಾನು ಬೈಗುಳಕ್ಕೆ ಕಾದೆ.

"ಮೊದಲ ಹೇಳಬಾರದೇನಲೇ? ನಾಳಿಂದ ಅಲ್ಲೇ ಕೂಡು!"

ಆ ಸಲ ಕಪ್ ನಮಗೇ ಬಂತು. ಯಾವ ಮೆಟ್ಟಿಲಿನಿಂದ ಬಂತು ಎಂದು ನಾನೂ ಅಪ್ಪನೂ ಈಗಲೂ ಫೋನಿನಲ್ಲಿ ಜಗಳವಾಡುತ್ತೇವೆ.