ಇಂಜೆಕ್ಟರಿನ ಮೇಲೆ ಕೆಂಪು ಚುಕ್ಕಿ

ಅರುವತ್ತೆರಡನೇ ವಯಸ್ಸಿನಲ್ಲಿ ನಾನು ಹೆಂಡತಿಯ ನೇಲ್ ಪಾಲಿಶ್ ಕದ್ದೆ. ಕಡುಗೆಂಪು ಬಣ್ಣದ್ದು, ಯಾರದೋ ಮದುವೆಗೆಂದು ತಂದು ಒಂದೇ ಸಲ ಹಚ್ಚಿ ಬೀರುವಿನಲ್ಲಿ ಮರೆತದ್ದು. ಅವಳು ಉರ್ವ ಮಾರ್ಕೆಟಿಗೆ ಮೀನು ತರಲು ಹೋದ ಹೊತ್ತು ನೋಡಿ, ಅಂಗಳದಲ್ಲಿ ಕಾರಿನ ಬಾನೆಟ್ ಎತ್ತಿ, ನಾಲ್ಕು ಇಂಜೆಕ್ಟರುಗಳ ಮೇಲೆ ಒಂದೊಂದು ಚುಕ್ಕಿ ಇಟ್ಟೆ. ಡಿಸ್ಟ್ರಿಬ್ಯೂಟರಿನ ಹೊಟ್ಟೆಗೂ ಒಂದು. ಗೇಟಿನ ಸದ್ದಾದಾಗ ಬಾಟಲಿಯನ್ನು ಲುಂಗಿಯ ಮಡಿಕೆಗೆ ಸಿಕ್ಕಿಸಿ, ಏನೂ ಆಗದವನ ಹಾಗೆ ರೇಡಿಯೇಟರಿಗೆ ನೀರು ಹೊಯ್ದೆ.

ಮರುದಿನ ಕಾರನ್ನು ಮೆಕ್ಯಾನಿಕ್ ಕಾಕನ ಗ್ಯಾರೇಜಿಗೆ ಬಿಡುವುದಿತ್ತು. ಬಿಟ್ಟು ಬಂದ ಮೇಲೆ ಒಳಗಿನ ಒಳ್ಳೆಯ ಮಾಲು ತೆಗೆದು ಡುಪ್ಲಿಕೇಟ್ ತುರುಕಿದರೆ? ಅದಕ್ಕೆ ಆ ಚುಕ್ಕಿ.

ನನ್ನನ್ನು ಬೈಯುವ ಮೊದಲು ಒಂದು ಮಾತು ಕೇಳಿ. ಸುರತ್ಕಲ್ ಕಡೆಯ ಕಾರ್ಖಾನೆಯೊಂದರ ಸ್ಟೋರಿನಲ್ಲಿ ಮೂವತ್ತು ವರ್ಷ ನನ್ನ ಕೆಲಸವೇ ಅನುಮಾನ. ಹೊರಗೆ ಹೋಗುವವರ ಚೀಲ, ಟಿಫಿನ್ ಡಬ್ಬಿ, ಸ್ಕೂಟರಿನ ಸೀಟಿನಡಿ, ಎಲ್ಲವನ್ನೂ ತೆಗೆಸಿ ನೋಡುವುದು. ಸಂಜೆಯ ಗಂಜಿ ಡಬ್ಬಿಯೊಳಗೆ ಬೇರಿಂಗ್ ಸಿಕ್ಕಿದ್ದೂ ಉಂಟು. ಹಾಗಾಗಿ ನನಗೆ ಮನುಷ್ಯನ ಮುಖಕ್ಕಿಂತ ಮೊದಲು ಅವನ ಜೇಬು ಕಾಣುತ್ತದೆ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅನ್ನುತ್ತಾರಲ್ಲ, ನನಗೆ ಆ ಹಳದಿಗೆ ಸಂಬಳ ಸಿಗುತ್ತಿತ್ತು.

ಕಾರು ಎರಡು ಬಾಗಿಲಿನ ಜಪಾನಿ ಸ್ಪೋರ್ಟ್ಸ್ ಕಾರು. ಗಲ್ಫಿನಿಂದ ಊರಿಗೆ ಮರಳಿದವರೊಬ್ಬರು ತಂದದ್ದು, ಅವರು ಬೇಸತ್ತು ಕೈಬಿಟ್ಟಾಗ ನಾನು ಕೊಂಡದ್ದು. ಹೆಡ್‌ಲೈಟುಗಳು ರೆಪ್ಪೆ ತೆರೆದ ಹಾಗೆ ಮೇಲೆ ಏಳುತ್ತವೆ. ಈ ವಯಸ್ಸಿನಲ್ಲಿ ಅದರೊಳಗೆ ಕೂರುವುದು ಸುಲಭ, ಏಳುವುದಕ್ಕೆ ಇಬ್ಬರು ಬೇಕು. ಆದರೂ ಅದು ಹೋದರೆ ನನಗೆ ಆಯುಷ್ಯದ ಒಂದು ಭಾಗ ಹೋದ ಹಾಗೆ. ಅದರ ಇಂಜೆಕ್ಟರು, ಅಂದರೆ ಪೆಟ್ರೋಲನ್ನು ಎಂಜಿನ್ನಿಗೆ ಸಿಂಪಡಿಸುವ ಬೆರಳುದ್ದದ ನಳಿಗೆ, ಈಗ ಹೊಸದು ಸಿಗುವುದಿಲ್ಲ. ಸರದಿಯಂತೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಕಥೆಯೂ ಅಷ್ಟೇ. ಮತ್ತೆ ಇಡೀ ಮಂಗಳೂರಿನಲ್ಲಿ ಇವೆರಡನ್ನು ಬಿಚ್ಚಿ ಸರಿಯಾಗಿ ಜೋಡಿಸಬಲ್ಲ ಮನುಷ್ಯ ಒಬ್ಬರೇ, ಈ ಕಾಕ. ಅವರು ಕೈಬಿಟ್ಟರೆ ಕಾರು ಅಂಗಳದಲ್ಲಿ ಕೋಳಿಗೂಡು.

ಕಾಕ ಬ್ಯಾರಿಯವರು, ಅಂದರೆ ನಮ್ಮ ಕರಾವಳಿಯ ಮುಸ್ಲಿಮರು; ಅವರಲ್ಲಿ ಹಿರಿಯರನ್ನು ಎಲ್ಲರೂ ಕಾಕ ಅನ್ನುವುದು. ನನಗಿಂತ ಐದಾರು ವರ್ಷ ದೊಡ್ಡವರು. ಇಪ್ಪತ್ತು ವರ್ಷದಿಂದ ನಮ್ಮ ಕ್ರಮ ಒಂದೇ. ನಾನು ಕೀ ಕೊಡುವುದು, ಅವರು "ಬಿಟ್ಟು ಹೋಗಿ ಅಣ್ಣೇರೆ, ನಾಡಿದ್ದು ಬನ್ನಿ" ಅನ್ನುವುದು. ನನಗಿಂತ ದೊಡ್ಡವರಾದರೂ ನಾನು ಅವರಿಗೆ ಅಣ್ಣೇರ್, ತುಳುವಿನಲ್ಲಿ ಮರ್ಯಾದೆಯ ಅಣ್ಣ. ಅವರ ಕೆಲಸಕ್ಕೂ ಒಂದು ಕ್ರಮ ಉಂಟು. ಯಾವ ಭಾಗವನ್ನೂ ಗುರುತು ಹಾಕದೆ ಬಿಚ್ಚುವುದಿಲ್ಲ. ಉಕ್ಕಿನ ಸೂಜಿಯಿಂದ ಒಂದು ಸಣ್ಣ ಗೆರೆ ಎಳೆದು ಆಮೇಲೆಯೇ ಸ್ಪ್ಯಾನರ್ ಮುಟ್ಟುವುದು. "ಮಂಡೆ ಮರೆತರೂ ಗೆರೆ ಮರೆಯುದಿಲ್ಲ" ಅನ್ನುತ್ತಿದ್ದರು. ಇದನ್ನು ನಾನು ನೂರು ಸಲ ನೋಡಿದ್ದೇನೆ. ನೋಡಿಯೂ ತಲೆಗೆ ಹಾಕಿಕೊಳ್ಳಲಿಲ್ಲ, ಅದೇ ಆದ ಎಡವಟ್ಟು.

ಇಪ್ಪತ್ತು ವರ್ಷ ಇಲ್ಲದ ಹುಳ ಈಗ ಯಾಕೆ ಹೊಕ್ಕಿತು ಅಂದರೆ, ಕೊಡಿಯಾಲ್‌ಬೈಲಿನ ಹೋಟೆಲಿನಲ್ಲಿ ಹಳೆಯ ಸಹೋದ್ಯೋಗಿಯೊಬ್ಬ ಚಾ ಕುಡಿಯುತ್ತಾ ಹೇಳಿದ: "ನಿನ್ನದೇ ಮಾಡೆಲ್ ಕಾರೊಂದು ಕಾಕನಲ್ಲಿ ನಿಂತಿದೆ ಮಾರಾಯ, ಕೆಂಪು. ಕಾಸರಗೋಡಿನವರದ್ದಂತೆ. ಇಂಜೆಕ್ಟರ್ ಹಾಳಾಗಿ ಬಿದ್ದದ್ದು. ನಿನ್ನದನ್ನು ಈಗ ಅಲ್ಲಿ ಬಿಡ್ಬೇಡ, ಆಯ್ತಾ?" ಹೇಳಿ ಅವನು ಬನ್ಸ್ ತಿಂದು ಹೋದ. ಹುಳ ನನ್ನಲ್ಲಿ ಉಳಿಯಿತು.

ಬಿಡದೆ ಬೇರೆ ದಾರಿ ಇರಲಿಲ್ಲ. ಏರು ಬಂದರೆ ಕಾರು ಕೆಮ್ಮುತ್ತಿತ್ತು, ಸಿಗ್ನಲ್ಲಿನಲ್ಲಿ ನಿಂತರೆ ನಡುಗಿ ಆಫ್ ಆಗುತ್ತಿತ್ತು. ಗ್ಯಾರೇಜಿಗೆ ಒಯ್ದಾಗ ಕಾಕ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು ತೋರಿಸಿದರು. ಒಳಗಿನ ಹಿತ್ತಾಳೆ ಮೊಳೆಗಳಿಗೆ ಹಸಿರು ಹಿಡಿದಿತ್ತು. "ಕಡಲ ಗಾಳಿ. ಇದನ್ನು ಕ್ಲೀನ್ ಮಾಡುವಾ. ಇಂಜೆಕ್ಟರನ್ನೂ ತೊಳೀಬೇಕು, ಒಂದರಲ್ಲಿ ಪೆಟ್ರೋಲ್ ಹನೀತಾ ಉಂಟು, ಹಾರುದಿಲ್ಲ." ಅವರ ಬೆನ್ನ ಹಿಂದೆ ಟಾರ್ಪಾಲಿನಡಿ ಕೆಂಪು ಬಂಪರೊಂದು ಇಣುಕುತ್ತಿತ್ತು.

"ಅದು ಯಾರದ್ದು ಕಾಕ?"

"ಕಾಸರಗೋಡಿನವರದ್ದು. ಇಂಜೆಕ್ಟರ್ ಬರ್ಲಿಕ್ಕುಂಟು."

ಎಲ್ಲಿಂದ ಬರ್ಲಿಕ್ಕುಂಟು ಅಂತ ನಾನು ಕೇಳಲಿಲ್ಲ. ಕೇಳಿದರೆ ಕಳ್ಳ ಎಚ್ಚರವಾಗುತ್ತಾನೆ ಎಂಬುದು ನನ್ನ ಸರ್ವಿಸ್ಸಿನ ಪಾಠ.

ಮರುದಿನ ಹೇಳದೆ ಕೇಳದೆ ಬಸ್ಸು ಹತ್ತಿ ಹೋದೆ. ಮಧ್ಯಾಹ್ನ. ಶಟರ್ ಅರ್ಧ ಇಳಿದಿತ್ತು, ಒಳಗೆ ಯಾರೂ ಇಲ್ಲ. ಕಾಕ ನಮಾಜಿಗೆ ಹೋದದ್ದು, ಯಾವಾಗಲೂ ಹೀಗೆಯೇ ಹೋಗುವುದು. ಅಂದು ಮಾತ್ರ ಆ ಅರ್ಧ ಶಟರ್ ನನಗೆ ಬೇರೆಯೇ ಕಂಡಿತು. ಬಗ್ಗಿ ನೋಡಿದರೆ ಮೇಜಿನ ಮೇಲೆ ಎರಡು ತಟ್ಟೆ, ಎರಡರಲ್ಲೂ ನಾಲ್ಕು ನಾಲ್ಕು ಇಂಜೆಕ್ಟರು. ನನ್ನದು ಯಾವುದು, ಕೆಂಪು ಕಾರಿನದ್ದು ಯಾವುದು? ಕನ್ನಡಕ ಮನೆಯಲ್ಲಿತ್ತು. ಎಂತ ಸಾವು ಮಾರಾಯ್ರೆ! ಒಳಗೆ ನುಗ್ಗಲು ಧೈರ್ಯ ಬರಲಿಲ್ಲ, ಹಾಗೇ ವಾಪಸು ಬಂದೆ.

ಮೂರನೇ ದಿನ ಕಾರು ತಂದೆ. ಏನು ಹೇಳಲಿ, ಬಿಜೈಯ ಏರನ್ನು ಅದು ಬೆಣ್ಣೆಯಲ್ಲಿ ಚೂರಿ ಹೋದ ಹಾಗೆ ಹತ್ತಿತು. ಬೇರೆ ಯಾರಾದರೂ ಆಗಿದ್ದರೆ ಖುಷಿಯಲ್ಲಿ ಹಾಡು ಹೇಳುತ್ತಿದ್ದರು. ನಾನು ಯೋಚಿಸಿದೆ: ಇಷ್ಟು ಹಳೆಯ ಇಂಜೆಕ್ಟರು ಇಷ್ಟು ಚಂದ ಓಡುವುದು ಸಾಧ್ಯವೇ? ಇದು ನನ್ನದಲ್ಲ.

ಅಂಗಳದಲ್ಲಿ ಬಾನೆಟ್ ಎತ್ತಿ, ಕನ್ನಡಕ ಹಾಕಿ ನೋಡಿದೆ. ನಾಲ್ಕರಲ್ಲೂ ಚುಕ್ಕಿ ಇಲ್ಲ. ಡಿಸ್ಟ್ರಿಬ್ಯೂಟರಿನ ಮೇಲೂ ಇಲ್ಲ.  ಡಿಸ್ಟ್ರಿಬ್ಯೂಟರಿನ ತಳದಲ್ಲಿ ಅಚ್ಚೊತ್ತಿದ ನಂಬರನ್ನು ಹಿಂದೊಮ್ಮೆ ಪುಸ್ತಕದಲ್ಲಿ ಬರೆದಿಟ್ಟಿದ್ದೆ. ಅದನ್ನು ನೋಡಲು ಬೋಲ್ಟ್ ಸಡಿಲಿಸಿ, ಅದರ ಡಬ್ಬಿಯನ್ನು ಸ್ವಲ್ಪ ತಿರುಗಿಸಿ, ಅಡಿಗೆ ಕನ್ನಡಿ ಹಿಡಿದೆ. ನಂಬರೇನೋ ತಾಳೆಯಾಯಿತು. ಆದರೆ ಡುಪ್ಲಿಕೇಟಿನ ಮೇಲೆ ಅದೇ ನಂಬರ್ ಹೊಡೆಯಲು ಎಷ್ಟು ಹೊತ್ತು ಬೇಕು? ಡಬ್ಬಿಯನ್ನು ಇದ್ದಲ್ಲಿಗೇ ತಿರುಗಿಸಿ ಬಿಗಿದೆ. ಇದ್ದಲ್ಲಿಗೇ ಎಂದು ನಾನು ಅಂದುಕೊಂಡೆ.

ಒಳಗೆ ಬಂದರೆ ಹೆಂಡತಿ ಬೀರು ತಡಕಾಡುತ್ತಿದ್ದಳು. "ನನ್ನ ನೇಲ್ ಪಾಲಿಶ್ ಎಲ್ಲಿ?" ಅಂದಳು. ಎಲ್ಲವನ್ನೂ ಹೇಳಿದೆ, ಅವಳೂ ಸಿಟ್ಟಾಗುತ್ತಾಳೆ ಎಂದು. ಅವಳು ನನ್ನ ಮುಖವನ್ನೇ ನೋಡಿ, "ತಾ ಕಳ್ಳ, ಪರರ ನಂಬ" ಅಂದಳು. "ಇಪ್ಪತ್ತು ವರ್ಷದ ಮನುಷ್ಯ ಅವರು. ಮೊದಲು ಹೋಗಿ ಮೆಲ್ಲ ಕೇಳಿ, ಬಾಯಿ ಮಾಡ್ಬೇಡಿ."

ಕೇಳಿದೆನೇ? ಮರುದಿನ ಬೆಳಿಗ್ಗೆ ಹೊರಟರೆ ದಾರಿಯುದ್ದಕ್ಕೂ ಕಾರು ಜಗ್ಗಿತು, ಅದೇ ಏರಿನಲ್ಲಿ ಎಂಜಿನ್ ಕಟಕಟ ಅಂದಿತು. ಡುಪ್ಲಿಕೇಟ್ ಒಂದೇ ದಿನಕ್ಕೆ ಬಣ್ಣ ಬಿಟ್ಟಿತು ಅಂದುಕೊಂಡೆ. ಗ್ಯಾರೇಜಿನಲ್ಲಿ ಕೆಂಪು ಕಾರು ಹೊರಗೆ ನಿಂತು ಚಂದ ಗುನುಗುತ್ತಿತ್ತು. ಪಕ್ಕದಲ್ಲಿ ಅದರ ಕಾಸರಗೋಡಿನ ಯಜಮಾನರು, ಜತೆಗೆ ರಿಕ್ಷಾದವನೊಬ್ಬ. ಇನ್ನು ಯಾವ ಸಾಕ್ಷಿ ಬೇಕು?

"ಕಾಕ, ನನ್ನ ಇಂಜೆಕ್ಟರ್ ಇವರ ಕಾರಿಗೆ ಹಾಕಿದ್ದೀರಲ್ಲ?" ಎಂದು ಎಲ್ಲರೆದುರು ಕೂಗಿದೆ. "ಗುರುತು ಇಟ್ಟು ಕೊಟ್ಟಿದ್ದೆ ನಾನು. ಎಲ್ಲಿ ಗುರುತು? ಇಪ್ಪತ್ತು ವರ್ಷದಿಂದ ಇನ್ನೆಂತೆಲ್ಲ ತೆಗೆದಿದ್ದೀರಿ?"

ಕಾಕ ಕೈ ಒರೆಸಿಕೊಂಡು ನನ್ನ ಕಾರಿನ ಬಾನೆಟ್ ಎತ್ತಿ ಬಗ್ಗಿದರು. 

"ಡಿಸ್ಟ್ರಿಬ್ಯೂಟರ್ ಯಾರು ತಿರುಗಿಸಿದ್ದು?"

 ಅವರು ಬೆರಳಿಟ್ಟು ತೋರಿಸಿದರು. ಡಬ್ಬಿಯ ಬುಡದಲ್ಲೊಂದು ಸೂಜಿಗೆರೆ, ಎಂಜಿನ್ನಿನ ಮೇಲೆ ಇನ್ನೊಂದು. ಎರಡೂ ಒಂದೇ ಗೆರೆಯಾಗಿ ಕೂಡಬೇಕಿತ್ತು, ನಡುವೆ ಅಕ್ಕಿಕಾಳಿನಷ್ಟು ಅಂತರ. ಕಿಡಿಯ ಹೊತ್ತು ತಪ್ಪಲು ಅಷ್ಟೇ ಸಾಕು. ಕಾಕ ಬೋಲ್ಟ್ ಸಡಿಲಿಸಿ, ಗೆರೆಗೆ ಗೆರೆ ಕೂಡಿಸಿ, ಬಿಗಿದು ಸ್ಟಾರ್ಟ್ ಮಾಡಿದರು. ಕಾರು ನಿನ್ನೆಯ ಹಾಗೆಯೇ ಉಸಿರಾಡಿತು.

"ನಂಬರ್ ನೋಡ್ಲಿಕ್ಕೆ ತಿರುಗಿಸಿದ್ದು ನಾನೇ" ಅಂದೆ. ದನಿ ಅರ್ಧಕ್ಕೆ ಇಳಿದಿತ್ತು. "ಆದ್ರೆ ಇಂಜೆಕ್ಟರ್?"

ಅವರು ಭೂತಗನ್ನಡಿ ನನ್ನ ಕೈಗೆ ಕೊಟ್ಟು, ಎಂಜಿನ್ ಆಫ್ ಮಾಡಿ, ಟಾರ್ಚು ಹಿಡಿದರು. ಮೊದಲ ಇಂಜೆಕ್ಟರಿನ ಕತ್ತಿನಲ್ಲಿ ಒಂದು ಗೆರೆ. ಎರಡನೆಯದರಲ್ಲಿ ಎರಡು. ಆಮೇಲೆ ಮೂರು, ನಾಲ್ಕು. ಹಳೆಯ ಗೆರೆಗಳು, ಒಳಗೆ ಕಪ್ಪು ಕೂತಿತ್ತು.

"ಕಾರು ಮೊದಲ ಸಲ ಇಲ್ಲಿಗೆ ಬಂದಾಗ ಹಾಕಿದ್ದು. ಆಗ ನನ್ನ ಗಡ್ಡ ಕಪ್ಪಿತ್ತು." ಮತ್ತೆ ಒಂದು ತುಂಡು ಬಟ್ಟೆ ಎತ್ತಿ ತೋರಿಸಿದರು, ಅಲ್ಲಲ್ಲಿ ಗುಲಾಬಿ ಕಲೆ. "ಕೆಂಪು ಎಂತದೋ ಅಂಟಿತ್ತು. ಪೈಂಟು ಅಂತ ಥಿನ್ನರಲ್ಲಿ ಒರೆಸಿದೆ. ಇವರ ಇಂಜೆಕ್ಟರ್ ಇವರ ತಮ್ಮ ದುಬೈಯಿಂದ ತಂದದ್ದು."

ಕಾಸರಗೋಡಿನವರು ಹೌದೆಂದು ತಲೆಯಾಡಿಸಿ ಬೇರೆ ಕಡೆ ನೋಡಿದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು. ನಾಚಿಕೆಯಾಯಿತು, ಬರೀ ನಾಚಿಕೆ.

"ತಪ್ಪಾಯ್ತು ಕಾಕ" ಅಂದೆ.

"ಇರ್ಲಿ ಸರ್" ಅಂದರು ಅವರು.

ಇಪ್ಪತ್ತು ವರ್ಷದಲ್ಲಿ ಅವರು ನನ್ನನ್ನು ಸರ್ ಅಂದದ್ದು ಅದೇ ಮೊದಲು. ಬೈದಿದ್ದರೆ ನಾನೂ ಎರಡು ಮಾತಾಡಿ, ಚಾ ತರಿಸಿ ಮುಗಿಸುತ್ತಿದ್ದೆ. ಸರ್ ಅಂದವರ ಹತ್ತಿರ ಎಂತ ಮಾತಾಡುವುದು? ಸ್ಟೋರಿನ ಗೇಟಿನಲ್ಲಿ ಡಬ್ಬಿ ತೆರೆದು ತೋರಿಸಿದವರೂ ನನ್ನನ್ನು ಹಾಗೆಯೇ ಕರೆಯುತ್ತಿದ್ದರು.

ಮಳೆಗಾಲ ಕಳೆದು ಕಾರನ್ನು ಮತ್ತೆ ಒಯ್ದೆ. ಅವರು ಬೇಡ ಅನ್ನಬಹುದೆಂಬ ಹೆದರಿಕೆಯಲ್ಲೇ ಹೋದದ್ದು. ಬೇಡ ಅನ್ನಲಿಲ್ಲ. ಯಾವಾಗಿನ ಹಾಗೆ ಕೀ ಚಾಚಿದೆ. "ನಿಮ್ಮ ಹತ್ರವೇ ಇರ್ಲಿ ಸರ್. ಇಲ್ಲೇ ಇರಿ, ನಿಮ್ಮೆದುರೇ ಮಾಡ್ತೇನೆ" ಅಂದು ಒಂದು ಸ್ಟೂಲು ಹಾಕಿದರು. ಕಳಚಿದ್ದನ್ನೆಲ್ಲ ಬಿಳಿ ಬಟ್ಟೆಯ ಮೇಲೆ ಇಡುತ್ತಾ, "ನೋಡಿ ಸರ್, ಒಂದು. ನೋಡಿ ಸರ್, ಎರಡು" ಎಂದರು. ಪ್ರತಿಯೊಂದಕ್ಕೂ ನಾನು ತಲೆಯಾಡಿಸಿದೆ. "ಬೇಡ ಕಾಕ, ನನಗೆ ನಂಬಿಕೆ ಉಂಟು" ಅಂದೆ. ಅವರು ಕೇಳಿಸದವರ ಹಾಗೆ "ಮೂರು" ಅಂದರು.

ಮಸೀದಿಯಲ್ಲಿ ಮಧ್ಯಾಹ್ನದ ನಮಾಜಿಗೆ ಕರೆಯುವ ಬಾಂಗ್ ಆಯಿತು. ಕಾಕ ಕೈ ತೊಳೆದರು. ಯಾವಾಗಲೂ ಅರ್ಧ ಇಳಿಸಿ ಹೋಗುವ ಶಟರನ್ನು ನೆಲದವರೆಗೆ ಎಳೆದು, ಹೊಸ ಬೀಗ ಜಡಿದು, ಕೀಯನ್ನು ನನ್ನ ಅಂಗೈಯಲ್ಲಿಟ್ಟರು.

"ಇದೂ ನಿಮ್ಮ ಹತ್ರ ಇರ್ಲಿ ಸರ್. ನಾನು ಬರುವವರೆಗೆ ಒಳಗೆ ಯಾರೂ ಹೋಗ್ಲಿಲ್ಲ ಅಂತ ನಿಮಗೇ ಗೊತ್ತಿರ್ತದೆ."

ಅವರು ಮಸೀದಿಯ ಕಡೆ ನಡೆದರು. ನಾನು ಅವರ ಗ್ಯಾರೇಜಿನ ಕೀ ಹಿಡಿದುಕೊಂಡು, ಅವರು ಬರುವವರೆಗೂ ಮುಚ್ಚಿದ ಶಟರಿನೆದುರು ಬಿಸಿಲಲ್ಲಿ ಕೂತಿದ್ದೆ.