ಆಟದ ಪೆಟ್ಟಿಗೆ ಮತ್ತು ಸವಣೂರಿನ ಮಿಸ್ತ್ರಿ

ಹೋದ ತಿಂಗಳು ಹುಬ್ಬಳ್ಳಿಯಲ್ಲಿ ಫೋನ್ ರಿಪೇರಿಗೆ ಕೊಟ್ಟು ಅಂಗಡಿಯ ಮುಂದೆ ನಿಂತಿದ್ದೆ. ಒಳಗೆ ಯಾರೋ ಬೆಸುಗೆ ಹಾಕುತ್ತಿದ್ದರು. ಕಾದ ಕಬ್ಬಿಣಕ್ಕೆ ರಾಳ ತಾಗಿದಾಗ ಏಳುವ ಹೊಗೆ ಮೂಗಿಗೆ ಬಡಿಯಿತು. ಫೋನು ಸರಿಯಾಯಿತೋ ಇಲ್ಲವೋ ನೋಡದೆ ಹೊರಟುಬಂದೆ. ಮನೆಯಲ್ಲೂ ಕೂತಲ್ಲಿ ಕೂರಲಾಗಲಿಲ್ಲ. ಸವಣೂರಿನ ರೇಡಿಯೋ ಮಿಸ್ತ್ರಿ ತಲೆಯೊಳಗೆ ಬಂದುಬಿಟ್ಟಿದ್ದರು.

ಎಂಬತ್ತರ ದಶಕದ ಕೊನೆಯ ವರ್ಷಗಳು. ಧಾರವಾಡದಲ್ಲಿ ಎಂ.ಎಸ್ಸಿ. ಮುಗಿಸಿ ಶಿಗ್ಗಾಂವದ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದೆ. ಅಳತೆಗೆ ಸಿಗದ್ದನ್ನು ನಂಬಬೇಡಿ ಎಂದು ತರಗತಿಯಲ್ಲಿ ಹೇಳುತ್ತಿದ್ದವನು. ಈಗ ನನ್ನ ನೆನಪೇ ಅಳತೆಗೆ ಸಿಗುತ್ತಿಲ್ಲ. ಮಿಸ್ತ್ರಿ ಕನ್ನಡಕ ಹಾಕುತ್ತಿದ್ದರೇ? ಹಾಕುತ್ತಿದ್ದರು ಅನ್ನಿಸುತ್ತದೆ... ಅಥವಾ ಅದು ಬೇರೆ ಯಾರದೋ ಮುಖವಿರಬೇಕು. ಬೆರಳುಗಳ ಬಗ್ಗೆ ಮಾತ್ರ ಅನುಮಾನವಿಲ್ಲ. ಸ್ಪೀಕರಿನ ಕಾಗದದ ಮೇಲೆ ಎರಡು ಬೆರಳಿಟ್ಟು ಕಣ್ಣು ಮುಚ್ಚಿದರೆ ದೋಷ ಎಲ್ಲಿದೆಯೆಂದು ಹೇಳುತ್ತಿದ್ದರು.

ನನ್ನ ರೇಡಿಯೋ ಕೆಟ್ಟಾಗ ಅವರ ಮನೆಗೆ ಹೋಗಿದ್ದೆ. ಮುಂದಿನ ಕೋಣೆಯೇ ಅಂಗಡಿ, ಒಳಬಾಗಿಲಿಗೆ ಒಂದು ಪರದೆ. ರಿಪೇರಿ ಮುಗಿಸಿ ದನಿ ದೊಡ್ಡದು ಮಾಡಿ ಅವರು ಸುಮ್ಮನೆ ಕುಳಿತರು. ಒಳಗೆ ತಾಟಿಗೆ ಸೌಟು ತಾಗಿದಂತೆ ಎರಡು ಸಲ ಸದ್ದಾಯಿತು. ಮತ್ತೆ ಬಿಚ್ಚಿದರು. ಇನ್ನೊಮ್ಮೆ ಹಚ್ಚಿದಾಗ ಒಂದೇ ಸಲ ಸದ್ದು. "ಆತು, ಒಯ್ರಿ ಸರ," ಅಂದರು. ಅಡುಗೆಮನೆಯ ಸದ್ದನ್ನು ಶಕುನ ಮಾಡಿಕೊಂಡಿದ್ದಾರೆ ಎಂದುಕೊಂಡು ಒಳಗೊಳಗೇ ನಕ್ಕಿದ್ದೆ.

ಆಮೇಲೆ ನಾನಿದ್ದ ಬಾಡಿಗೆ ಕೋಣೆಯ ಕೆಳಗಿನ ಮಳಿಗೆಗೆ ಮುಂಬೈಯಿಂದ ಹಳೆಯ ವಿಡಿಯೋ ಗೇಮಿನ ಪೆಟ್ಟಿಗೆಯೊಂದು ಬಂತು. ಕಪಾಟಿನಷ್ಟು ಎತ್ತರ, ಮುಂದೆ ಟೀವಿಯಂಥ ಗಾಜು, ಎರಡು ಗುಂಡಿ, ಒಂದು ಹಿಡಿಕೆ. ವಿಮಾನಗಳನ್ನು ಹೊಡೆದುರುಳಿಸುವ ಆಟ. ಕಾಲೇಜಿನ ಹುಡುಗರು, ಹೆದ್ದಾರಿಯ ಲಾರಿ ಡ್ರೈವರುಗಳು ಮುಗಿಬಿದ್ದರು. ಆದರೆ ಹಚ್ಚಿದ ಕೂಡಲೇ ಅದು ಗುಂಯ್ ಅನ್ನುತ್ತಿತ್ತು. ಗುಂಡಿನ ಸದ್ದೂ ಒಡೆದು ಕರಕರ ಅನ್ನುತ್ತಿತ್ತು. ನನ್ನ ಕೋಣೆಯ ನೆಲವೇ ನಡುಗುತ್ತಿತ್ತು. ತಡೆಯಲಾರದೆ ನಾನೇ ಮಳಿಗೆಯ ಮಾಲಕನಿಗೆ ಮಿಸ್ತ್ರಿಯ ವಿಷಯ ಹೇಳಿ, ನಾನೇ ಸವಣೂರಿಗೆ ಹೋದೆ.

"ಪೆಟ್ಟಿಗಿ ಇಲ್ಲೇ ತರ್ರಿ ಸರ, ಮಾಡಿಕೊಡ್ತೇನಿ."

"ನಾಲ್ಕು ಮಂದಿ ಎತ್ತಬೇಕ್ರಿ ಅದನ್ನ."

"ಹಂಗಾರ ನಾಲ್ಕು ಮಂದೀನ ಕರ್ಕೊಂಡು ಬರ್ರಿ."

ಎರಡು ಸಲ ಹೋದರೂ ಅದೇ ಮಾತು. "ಬರಾಕ ಪಲ್ಲಕ್ಕಿ ಕಳಸಬೇಕಂತೇನು ಮಿಸ್ತ್ರಿಗೆ?" ಎಂದು ಮಾಲಕ ರೇಗಿದ. ಮೂರನೆಯ ಸಲ ನಾನು ಬಹಳ ಒತ್ತಾಯ ಮಾಡಿದೆ. ಒಪ್ಪಿಕೊಂಡರು.

ಮಧ್ಯಾಹ್ನದ ಬಸ್ಸಿಗೆ ಬಂದರು. ಹಿಂದಿನ ಹಲಗೆ ಬಿಚ್ಚಿ, ಬೆರಳಿಟ್ಟು ನೋಡಿ, ಒಣಗಿದ ದೊಡ್ಡ ಕಂಡೆನ್ಸರ್ ತೆಗೆದು ಹೊಸದನ್ನು ಬೆಸೆದರು. ಗುಂಯ್ ನಿಂತಿತು. ನೆಲದ ನಡುಕವೂ ನಿಂತಿತು. ಸುತ್ತ ನಿಂತವರು ಚಪ್ಪಾಳೆ ತಟ್ಟಿದರು.

"ಆತು ನೋಡ್ರಿ," ಎಂದು ಮಿಸ್ತ್ರಿ ಕೈ ಒರೆಸಿಕೊಂಡರು.

ಒಬ್ಬ ಹುಡುಗ ಆಟಕ್ಕೆ ನಿಂತ. "ಕಾಕಾ, ವಿಮಾನ ಹೊಡದ್ರ ಕೋಳಿ ತಿಪ್ಪಿ ಕೆದರಿದಂಗ ಕೇಳಾಕತ್ತೈತಿ!"

"ಎಲ್ಲೈತಿ? ನಿಂತೈತಲ್ಲ?" ಮಿಸ್ತ್ರಿ ಮತ್ತೆ ಬೆರಳಿಟ್ಟರು. ಗುಂಯ್ ಬೆರಳಿಗೆ ಸಿಗುತ್ತದೆ. ಕರಕರ ಸಿಗುವುದಿಲ್ಲ.

ಆಗ ನಾನು ಹೇಳಿದೆ: "ಇಷ್ಟು ಕರಕರ ಅನ್ನಾಕತ್ತೈತಿ, ನಿಮಗ ಕೇಳ್ಸೂದಿಲ್ಲೇನ್ರಿ?"

"ಕಿವುಡ ಮಿಸ್ತ್ರೀನ್ನ ಹುಡುಕಿ ತಂದೀರಲ್ಲ ಸರ!" ಎಂದ ಮಾಲಕ. ಮಳಿಗೆಯೆಲ್ಲ ನಕ್ಕಿತು. ಮಿಸ್ತ್ರಿಯ ಕಣ್ಣು ಹಿಂಬಾಗಿಲಿನ ಕಡೆ ಹೋಯಿತು. ಅಲ್ಲಿ ಪರದೆಯೂ ಇರಲಿಲ್ಲ, ಪರದೆಯ ಹಿಂದೆ ಯಾರೂ ಇರಲಿಲ್ಲ. ಅವರ ಮನೆಯ ಆ ಸೌಟಿನ ಸದ್ದು ಯಾಕೆಂದು ಆ ಕ್ಷಣಕ್ಕೆ ನನಗೆ ತಿಳಿಯಿತು.

ಬಸ್ಸಿನವರೆಗೆ ಜೊತೆಗೆ ಹೋದೆ. "ಸಣ್ಣ ಸಪ್ಪಳ ನನಗ ಸಿಗೂದಿಲ್ಲ ಸರ. ಭಾಳ ವರ್ಷ ಆತು. ಮನ್ಯಾಗ ಆಕಿ ಕೇಳಿ ಹೇಳ್ತಾಳ," ಎಂದರು.

ಆಮೇಲೆ ಶಿಗ್ಗಾಂವದಿಂದ ಯಾರೂ ಅವರ ಬಳಿ ರೇಡಿಯೋ ಒಯ್ಯಲಿಲ್ಲ. ಸವಣೂರಿನವರೂ ಕ್ರಮೇಣ ಬಿಟ್ಟರಂತೆ. ಪಂಪಿನ ಮೋಟರುಗಳಿಗೆ ತಂತಿ ಸುತ್ತುವ ಕೆಲಸಕ್ಕೆ ಇಳಿದರೆಂದು ಕೇಳಿದೆ. ಹೋಗಿ ನೋಡಬೇಕೆಂದುಕೊಳ್ಳುತ್ತಿರುವಾಗಲೇ ವರ್ಗವಾಯಿತು.

ಇಷ್ಟು ವರ್ಷ ನನ್ನನ್ನು ಕೂರಗೊಡದಿರುವುದು ಒಂದೇ ಪ್ರಶ್ನೆ. ಎಲ್ಲರೂ ನಕ್ಕಾಗ ನಾನೂ ನಕ್ಕೆನೇ? ಇಲ್ಲ ಎಂದು ಹೆಂಡತಿಗೆ ಹೇಳಿದ್ದೇನೆ. ಹೇಳಿ ಹೇಳಿ ಅದೇ ನೆನಪಾಗಿದೆಯೋ ಏನೋ. ಒಮ್ಮೊಮ್ಮೆ ನಗುವವರ ನಡುವೆ ನನ್ನ ದನಿಯೂ ಕೇಳುತ್ತದೆ. ಅದು ಅಪರಾಧಿ ಭಾವ ಕಟ್ಟಿದ ಕಥೆಯೂ ಇರಬಹುದು. ಸಾಕ್ಷ್ಯವಿಲ್ಲ.

ಹುಬ್ಬಳ್ಳಿಯಿಂದ ಬಂದ ಮರುದಿನವೇ ಸವಣೂರಿಗೆ ಹೋದೆ. ಮನೆ ಅದೇ. ಮುಂದಿನ ಕೋಣೆ ಖಾಲಿ. ಕರೆದಾಗ ಪರದೆಯ ಆಚೆಯಿಂದ ವಯಸ್ಸಾದ ಹೆಂಗಸಿನ ದನಿ ಬಂತು, ಮಿಸ್ತ್ರಿಯ ಹೆಂಡತಿ. ಮಿಸ್ತ್ರಿ ತೀರಿಹೋಗಿ ಮೂರು ವರ್ಷವಾಗಿತ್ತು. ನಾನು ಯಾರೆಂದು ಹೇಳಿದೆ.

"ಶಿಗ್ಗಾಂವದ ಆಟದ ಪೆಟ್ಟಿಗಿ ಸರ ಏನ್ರಿ? ಕುಂದರ್ರಿ, ಕುಂದರ್ರಿ. ಅವತ್ತ ನಾನೂ ಬರ್ತೇನಿ, ಬಾಗಲದಾಗ ನಿಂತು ಕೇಳ್ತೇನಿ ಅಂದಿದ್ದೆ ನೋಡ್ರಿ. ಆಟದ ಅಂಗಡಿಗೆ ಹೆಣ್ಣಮಕ್ಕಳು ಬಂದ್ರ ಮಂದಿ ನಗ್ತಾರ, ಬ್ಯಾಡ ಅಂದ್ರು." ಆಮೇಲೆ ಕೇಳಿದರು: "ಅವತ್ತ ಯಾರರ ನಕ್ಕಿದ್ರೇನ್ರಿ?"

ನೆನಪಿಲ್ಲ ಎನ್ನಬಹುದಿತ್ತು. ಅದು ಪೂರ್ತಿ ಸುಳ್ಳೂ ಆಗುತ್ತಿರಲಿಲ್ಲ. ಆದರೆ ಸತ್ಯ ಹೇಳಲೆಂದೇ ಅಷ್ಟು ದೂರ ಬಂದಿದ್ದೇನೆ ಅನ್ನಿಸಿತು.

"ನಕ್ಕರ್ರಿ ಅವ್ವ. ನಾನೂ ನಕ್ಕೆ."

ಒಳಗೆ ತಾಟು ನೆಲಕ್ಕಿಟ್ಟ ಸದ್ದಾಯಿತು.

"ಯಾರೂ ನಗಲಿಲ್ಲ ಅಂತ ಹೇಳಿದ್ರಲ್ರಿ ಅವರು," ಎಂದರು.